ಕೆಂಪು ಬೆನ್ನಿನ ಬಕ

ಎನ್.ಆರ್. ಕಾಲೋನಿ
೧೪-೬-೧೯೯೮

ಚಿ. ಮೈತ್ರೇಯಿಗೆ ಆಶೀರ್ವಾದಗಳು.

ನಿನಗೆ ಮತ್ತೆ ಮದುವೆ ಗೊತ್ತಾಗಿದೆಯೆಂದು ನಿಮ್ಮ ತಂದೆಯವರು ಬರೆದಿದ್ದಾರೆ. ನನಗೆ ಹೇಳಲು ನೀನು ಹೆದರಿದೆಯಂತೆ. ಯಾಕಮ್ಮ ಹೆದರಿಕೆ?

ಅಭಿರಾಮ ತೀರಿಕೊಂಡ ಮೇಲೂ ಅವನ ಬೈನಾಕ್ಯುಲರ್ ಹಿಡಿದು ಭಾನುವಾರ ನಾವಿಬ್ಬರೂ ಲಾಲ್‌ಬಾಗ್ ಕೆರೆಗೆ ಹೋಗುತ್ತಿದ್ದೆವಲ್ಲ, ಇವತ್ತು ಒಬ್ಬನೇ ಹೋಗಿದ್ದೆ. ನಮ್ಮ ಮಣ್ಣುಬಣ್ಣದ ಕೊಳದ ಬಕ ಎಲ್ಲೂ ಕಾಣಲಿಲ್ಲ. ಅದರ ಜಾಗದಲ್ಲಿ ಕೆಂಪು ಬೆನ್ನಿನ ಯಾವುದೋ ಹಕ್ಕಿ ನಿಂತಿತ್ತು. ನನಗೆ ಸಿಟ್ಟೇ ಬಂತು. ಅದು ಎದ್ದು ಹಾರಿದಾಗ ನೋಡಿದರೆ ಅದೇ ಬಿಳಿ ರೆಕ್ಕೆ! ಅಭಿರಾಮ ಹಿಂದೆ ಹೇಳಿದ್ದು ಆಗ ನೆನಪಾಯಿತು: "ಅಪ್ಪಾ, ಗೂಡು ಕಟ್ಟೋ ಕಾಲಕ್ಕೆ ಬಣ್ಣ ಬದಲಾಯಿಸತ್ತೆ ಅಷ್ಟೆ. ಹಕ್ಕಿ ಅದೇ."

ಬಳೇಪೇಟೆಗೆ ಹೋಗಿ ನಿನಗೆ ಹಸಿರು ಗಾಜಿನ ಬಳೆ ತಂದಿದ್ದೇನೆ. ಅವನು ಹೋದ ದಿನ ನೀನು ಬಿಚ್ಚಿಟ್ಟ ಬಳೆಯೊಂದನ್ನು ಅಂಗಡಿಯವನಿಗೆ ಅಳತೆಗೆ ತೋರಿಸಿದೆ. ಸರಿಹೋಗದಿದ್ದರೆ ತಿಳಿಸು, ಬದಲಾಯಿಸಿ ಕೊಡುತ್ತಾನಂತೆ. ಬೈನಾಕ್ಯುಲರ್ ಮಾತ್ರ ನನ್ನ ಹತ್ತಿರವೇ ಇರಲಿ.

ಅಕ್ಷತೆ ಹಾಕಲು ಖಂಡಿತ ಬರುತ್ತೇನೆ. ಅಲ್ಲಿ ನನ್ನನ್ನು ಮಾವ ಎಂದು ಕರೆಯಬೇಡಮ್ಮ. ಆ ಮಾತಿಗೆ ತಿರುಗಿ ನೋಡಬೇಕಾದವರು ಇನ್ನು ಬೇರೆ.

ಇಂತಿ,
ಅಭಿರಾಮನ ಅಪ್ಪ