ಎರಡು ಹಿಡಿ ಮರದ ಹೊಟ್ಟು

ಮಾರ್ಚ್ 9, ಬೆಳಿಗ್ಗೆ

ಇವತ್ತಿನ ತನಕದ ಖರ್ಚು. ಜೀಪನ್ನು ಭಾವನ ಶೆಡ್ಡಿನಿಂದ ನಮ್ಮ ಮನೆಯ ಗ್ಯಾರೇಜಿಗೆ ಎಳೆಸಿದ್ದಕ್ಕೆ ಎರಡೂವರೆ ಸಾವಿರ. ನಾಲ್ಕು ಸೆಕೆಂಡ್ ಹ್ಯಾಂಡ್ ಟೈರು, ಆರು ಸಾವಿರ — ಅಂಗಡಿಯವನು ಹತ್ತು ಅಂದಿದ್ದ, ಅದೂ ನನ್ನ ಹತ್ತಿರ. ತುಕ್ಕು ಬಿಡಿಸುವ ಸ್ಪ್ರೇ, ಜ್ಯಾಕ್ ಬಾಡಿಗೆ, ನನ್ನ ಹೆಬ್ಬೆರಳಿಗೆ ಬ್ಯಾಂಡೇಜು. ಒಟ್ಟು ಹನ್ನೊಂದು ಸಾವಿರದ ಇನ್ನೂರು. ನಿದ್ದೆ ಹಾಳಾದದ್ದು ಇದರಲ್ಲಿ ಸೇರಿಲ್ಲ.

ಮೂರನೇ ಸಲ ಗ್ಯಾರೇಜಿಗೆ ಹೋಗಿ ಬಂದೆ. ಮಾಡುವುದೇನೂ ಇಲ್ಲ. ಸುಮ್ಮನೆ ನೋಡಿ ಬರುವುದು.

ನನ್ನವಳು ಬಾಗಿಲಲ್ಲಿ ನಿಂತಿದ್ದಳು. “ಮೂವತ್ತು ವರ್ಷ ಗಾಡಿ ಮಾರಿದ್ರಿ. ಒಂದು ದಿನ ಬಾನೆಟ್ ಎತ್ತಿದ್ದು ನೋಡಲಿಲ್ಲ ನಾನು. ಇದೇನು ಹೊಸ ಹುಚ್ಚು?”

“ಭಾವಂಗೆ ಒಂದು ಉಡುಗೊರೆ.”

“ಉಡುಗೊರೆ. ನೀವು.” ಅಷ್ಟೇ ಹೇಳಿ ಒಳಗೆ ಹೋದಳು.

ಹುಚ್ಚಲ್ಲ, ಭಯ. ಇಲ್ಲಾದರೂ ನಿಜ ಬರೆಯುತ್ತೇನೆ. ಈ ಜೀಪನ್ನು ಭಾವನಿಗೆ ಮಾರಿದವನು ನಾನು. ಅಕ್ಕನ ಮದುವೆಯಾಗಿ ಮೂರು ತಿಂಗಳು, ನನ್ನ ಮೊದಲ ದೊಡ್ಡ ವ್ಯಾಪಾರ. ಗೇರ್‌ಬಾಕ್ಸ್ ಸವೆದು ಕೂಗುತ್ತಿತ್ತು. ಆಯಿಲ್‌ಗೆ ಎರಡು ಹಿಡಿ ಮರದ ಹೊಟ್ಟು ಕಲಸಿ ಸುರಿದೆ. ಆಗ ಎಲ್ಲರೂ ಮಾಡುತ್ತಿದ್ದರು. ಹೊಟ್ಟು ಬಿದ್ದರೆ ಗೇರ್ ಒಂದೆರಡು ತಿಂಗಳು ಬಾಯಿ ಮುಚ್ಚಿಕೊಂಡಿರುತ್ತದೆ, ಅಷ್ಟರಲ್ಲಿ ದುಡ್ಡು ಕೈಗೆ ಬಂದಿರುತ್ತದೆ. ಏಳನೇ ವಾರ ಏರಿನಲ್ಲಿ ಗೇರ್ ಕಚ್ಚಿಕೊಳ್ಳದೆ ಜೀಪು ಹಿಂದಕ್ಕೆ ಉರುಳಿ ಗೋಡೆಗೆ ಗುದ್ದಿತು. ಭಾವನ ಮಂಡಿ ಮುರಿಯಿತು. ಇವತ್ತಿಗೂ ಕುಂಟುತ್ತಾನೆ. ಜೀಪು ಅಂದಿನಿಂದ ಅವನ ಶೆಡ್ಡಿನಲ್ಲೇ ಬಿದ್ದಿತ್ತು.

ಬೈಸಿಕೊಂಡವನು ನನ್ನ ಗಾಡಿಗಳನ್ನೆಲ್ಲಾ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ. ಹಿಂದಿನ ವಾರ ಅವನೇ ಸರ್ವಿಸ್ ಮಾಡಿದ್ದ. ಗೇರ್ ಆಯಿಲ್ ಹಾಕಲು ಮರೆತ ಎಂದು ಊರೆಲ್ಲಾ ಹಬ್ಬಿತು. ಎರಡು ವರ್ಷದಲ್ಲಿ ವರ್ಕ್‌ಶಾಪ್ ಮುಚ್ಚಿದ.

ಈಗ ರಿಟೈರ್ ಆದ ಭಾವನಿಗೆ ಹಳೆ ಜೀಪಿನ ಮೇಲೆ ಆಸೆ ಹುಟ್ಟಿದೆ. ದೊಡ್ಡ ಗ್ಯಾರೇಜಿಗೆ ಕೊಡುತ್ತೇನೆ, ಗೇರ್‌ಬಾಕ್ಸಿಂದ ಹಿಡಿದು ಎಲ್ಲಾ ಬಿಚ್ಚಿಸುತ್ತೇನೆ ಎಂದ. ಬಿಚ್ಚಿದರೆ ಹೊಟ್ಟು ಕಾಣುತ್ತದೆ. “ನಾನಿರುವಾಗ ಹೊರಗೆ ಯಾಕೆ ಭಾವ” ಅಂದೆ.

ಮಾರ್ಚ್ 16

ನಾನೇ ಗೇರ್‌ಬಾಕ್ಸಿನ ಅಡಿಯ ಡ್ರೇನ್ ಪ್ಲಗ್ ಬಿಚ್ಚಿ ಹೊಟ್ಟನ್ನು ಇಳಿಸಿಬಿಡುವ ಪ್ಲಾನು. ಜೀಪಿನಡಿ ಮಲಗಿ ಒಂದೂವರೆ ಗಂಟೆ. ಪ್ಲಗ್ಗಿನ ಮೂಲೆಗಳು ಸವೆದು ಗುಂಡಗಾದವು, ಅದು ಕದಲಲಿಲ್ಲ. ಮುಖದ ಮೇಲೆ ತುಕ್ಕು. ಇಷ್ಟು ವರ್ಷ ಇದರ ಮೇಲ್ಭಾಗ ತೋರಿಸಿ ಹೊಟ್ಟೆ ಹೊರೆದವನು ನಾನು. ಅಡಿಭಾಗ ಇವತ್ತೇ ನೋಡಿದ್ದು.

ಇಬ್ಬರು ಮೆಕ್ಯಾನಿಕ್‌ಗಳಿಗೆ ಫೋನ್. ಈ ಮಾಡೆಲ್ಲಿನ ಗೇರ್‌ಬಾಕ್ಸ್ ಮುಟ್ಟಲ್ಲ ಎಂದರು ಇಬ್ಬರೂ. “ಮುಟ್ಟೋರು ಒಬ್ಬರೇ, ಆ ಮೇಸ್ತ್ರಿ. ಅವರೀಗ ಪಂಪ್‌ಸೆಟ್ ಅಂಗಡೀಲಿ ಮೋಟರ್ ಸುತ್ತುತಾರೆ.”

ಇದೊಂದು ಬಾಕಿ ಇತ್ತು.

ಮಾರ್ಚ್ 19

ಹೋದೆ. ಅಂಗಡಿಯ ಹಿಂದೆ ಸ್ಟೂಲಿನ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ತಲೆ ಪೂರ್ತಿ ಬೆಳ್ಳಗೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋಗಿದ್ದ ಪೀಠಿಕೆಯೆಲ್ಲಾ ಬಾಯಿಗೆ ಬರಲಿಲ್ಲ.

“ಒಂದು ಜೀಪಿದೆ ಮೇಸ್ತ್ರಿ.”

“ಯಾವುದು?”

“ಭಾವಂದು.”

ತಂತಿ ಸುತ್ತುವುದು ನಿಲ್ಲಿಸಲಿಲ್ಲ. ನಲವತ್ತು ಸುತ್ತು ಎಣಿಸಿದೆ ನಾನು. ಆಮೇಲೆ, “ಬೆಳಿಗ್ಗೆ ಒಂಬತ್ತಕ್ಕೆ ಬರ್ತೀನಿ. ಮಧ್ಯಾಹ್ನ ಇಲ್ಲಿರಬೇಕು. ದಿನಗೂಲಿ.”

ಎಷ್ಟು ಎಂದು ಕೇಳಿದೆ. ಹೇಳಿದ. ಜೀವನದಲ್ಲಿ ಮೊದಲ ಸಲ ಚೌಕಾಸಿ ಮಾಡಲಿಲ್ಲ.

ಮಾರ್ಚ್ 30

ಹತ್ತು ದಿನವಾಯಿತು. ಕಾರ್ಬುರೇಟರ್ ಆಯಿತು, ಬ್ರೇಕ್ ಆಯಿತು, ವೈರಿಂಗ್ ಅರ್ಧ. ಗೇರ್‌ಬಾಕ್ಸಿನ ಕಡೆ ತಿರುಗಿಯೂ ನೋಡುತ್ತಿಲ್ಲ. ಬೇಕೆಂದೇ ಕಾಯಿಸುತ್ತಿದ್ದಾನೋ... ಕೂತಲ್ಲಿ ಕೂರಲಾಗುತ್ತಿಲ್ಲ. ಸ್ಪ್ಯಾನರುಗಳನ್ನು ಸೈಜಿನ ಪ್ರಕಾರ ಜೋಡಿಸುತ್ತೇನೆ. ಮತ್ತೆ ಕೆಡಿಸುತ್ತೇನೆ.

“ನೀವು ಸ್ವಲ್ಪ ಹೊರಗೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ ಬರ್ತೀರಿ” ಅಂದ ಮೇಸ್ತ್ರಿ. ನನ್ನ ಗ್ಯಾರೇಜಿನಿಂದ ನನ್ನನ್ನೇ.

ಸುಳ್ಳೊಂದು ರೆಡಿ ಮಾಡಿಟ್ಟಿದ್ದೇನೆ. ಹೊಟ್ಟು ಕಂಡರೆ — ಅಯ್ಯೋ, ಇಲಿ ಗೂಡು ಕಟ್ಟಿದೆ. ಗೇರ್‌ಬಾಕ್ಸ್ ಒಳಗೆ ಇಲಿ. ನನ್ನ ಹಳೆ ಗಿರಾಕಿಗಳಾದರೆ ನಂಬುತ್ತಿದ್ದರು.

ಏಪ್ರಿಲ್ 6, ಹನ್ನೊಂದು ಗಂಟೆ

ಬಿಚ್ಚಿದ. ಮೇಲಿನ ಮುಚ್ಚಳ ಎತ್ತಿದ. ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ, ಇಲಿಯ ಕಥೆ ನಾಲಗೆಯ ತುದಿಯಲ್ಲಿ.

ಒಳಗೆ ಸ್ವಚ್ಛ. ತಳದಲ್ಲಿ ತೆಳುವಾಗಿ ಆಯಿಲ್. ಗೇರಿನ ಎರಡು ಹಲ್ಲು ಮುರಿದಿವೆ. ಹೊಟ್ಟು ಒಂದು ಚೂರೂ ಇಲ್ಲ. ಬಗ್ಗಿ ನೋಡಿದೆ, ಬೆರಳು ಹಾಕಿ ನೋಡಿದೆ.

“ಏನು ಹುಡುಕ್ತಿದ್ದೀರಿ?”

“ಏನಿಲ್ಲ.”

“ಅದಿಲ್ಲ. ಜೀಪು ಗುದ್ದಿದ ದಿನವೇ ಬಿಚ್ಚಿ ತೆಗ್ದೆ. ಒಂದು ಬೋಗುಣಿ ತುಂಬ ಬಂತು. ಡೀಸೆಲ್ ಹಾಕಿ ಮೂರು ಸಲ ತೊಳೆದು ಮುಚ್ಚಿದೆ. ಬೇರೆ ಯಾರಾದ್ರೂ ಬಿಚ್ಚಿದ್ರೆ ಗೊತ್ತಾಗ್ತಿತ್ತಲ್ಲ.”

ಪೇಂಟ್ ಡಬ್ಬಿಯ ಮೇಲೆ ಕೂತೆ. ಅದು ಖಾಲಿ ಡಬ್ಬಿ, ತಗ್ಗಿತು.

“ಯಾಕೆ ಹೇಳ್ಲಿಲ್ಲ ಮೇಸ್ತ್ರಿ?”

“ಯಾರಿಗೆ ಹೇಳೋದು? ನಿಮ್ಮಕ್ಕ ಆ ಮನೆಗೆ ಬಂದು ಆರು ತಿಂಗಳೂ ಆಗಿರಲಿಲ್ಲ. ಅವರತ್ತೆ ಎಂಥವರು ಅಂತ ಬೀದಿಗೆಲ್ಲಾ ಗೊತ್ತಿತ್ತು. ತಮ್ಮನೇ ಮೋಸ ಮಾಡಿ ಮಗನ ಕಾಲು ಮುರಿದ ಅಂತ ತಿಳಿದಿದ್ರೆ, ಆ ಹೆಣ್ಣುಮಗಳಿಗೆ ಅಲ್ಲಿ ಒಂದು ತುತ್ತು ಗಂಟಲಲ್ಲಿ ಇಳೀತಿತ್ತಾ?”

ನಾನು ಬಾಯಿ ತೆರೆದೆ. ಅವನು ಕೈ ಎತ್ತಿದ.

“ಪೂರ್ತಿ ದೊಡ್ಡಸ್ತಿಕೆ ಅಂದ್ಕೋಬೇಡಿ. ನೀವು ಆಗ ವಾರಕ್ಕೆ ಎರಡು ಗಾಡಿ ಕಳಿಸ್ತಿದ್ರಿ. ಎಲ್ರೂ ಕೈಬಿಟ್ರೂ ನೀವು ಬಿಡಲ್ಲ ಅಂತ ನಾನೂ ಒಂದು ಲೆಕ್ಕ ಹಾಕಿದ್ದೆ.”

ಮೊದಲು ನಿಲ್ಲಿಸಿದವನು ನಾನು. ಅಪಘಾತದ ಮರುವಾರವೇ. ಅವನ ಹತ್ತಿರ ಗಾಡಿ ಕಳಿಸಿದರೆ ಗಿರಾಕಿಗಳು ಅನುಮಾನ ಪಡುತ್ತಾರೆಂದು.

“ಗೇರ್ ಬದಲಾಯಿಸಿ ಮುಚ್ಚಲೋ, ನಿಮ್ಮ ಭಾವ ಬಂದು ನೋಡೋ ತನಕ ಹೀಗೇ ಬಿಡಲೋ. ಅಷ್ಟು ಹೇಳಿ.”

ಮುಚ್ಚಿ ಅಂದೆ.

ಏಪ್ರಿಲ್ 8

ಗೆದ್ದೆ ಎಂದುಕೊಳ್ಳಬೇಕು. ಬರೆಯಲು ಏನೂ ಇಲ್ಲ.

ಏಪ್ರಿಲ್ 27

ಪೇಂಟ್ ಎರಡನೇ ಕೋಟ್. ಮೇಸ್ತ್ರಿ ಬರುತ್ತಾನೆ, ಕೆಲಸ ಮಾಡುತ್ತಾನೆ, ಹೋಗುತ್ತಾನೆ. ಆ ಮಾತು ಮತ್ತೆ ಎತ್ತಿಲ್ಲ. ಎರಡು ದಿನದ ಕೂಲಿ ಹೆಚ್ಚಿಗೆ ಕೊಟ್ಟೆ. ಎಣಿಸಿ, ಎರಡು ದಿನದ್ದು ವಾಪಸ್ ಕೊಟ್ಟ.

ನನ್ನವಳು: “ಏನ್ರೀ, ಈ ನಡುವೆ ಊಟಕ್ಕೆ ಕೂತ್ರೂ ಮಾತಿಲ್ಲ. ಡಾಕ್ಟರ್ ಹತ್ರ ಹೋಗೋಣ್ವಾ?”

ಮೇ 11, ಸಂಜೆ

ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಳೆ ಅಲಂಕಾರ ಸೇರಿಕೊಳ್ಳುತ್ತದೆ.

ಭಾವ, ಅಕ್ಕ ಹತ್ತಕ್ಕೆ ಬಂದರು. ಜೀಪು ಹೊರಗೆ ನಿಂತಿತ್ತು, ಹಸಿರು, ಹೊಸ ಸೀಟು. ಭಾವ ಒಂದು ಸುತ್ತು ಹಾಕಿದ. ಕಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಸ್ಟೇರಿಂಗಿನ ಮುಂದೆ ಕೂತು ಸ್ಟಾರ್ಟ್ ಮಾಡಿದ. ಅಕ್ಕ ಪಕ್ಕದಲ್ಲಿ. ಮೇಸ್ತ್ರಿ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ.

“ಏನಯ್ಯಾ, ಈ ಸಲನಾದ್ರೂ ಗೇರ್ ಆಯಿಲ್ ಹಾಕಿದ್ದೀಯೋ?” ಭಾವನ ಮುಖದಲ್ಲಿ ನಗು.

“ಹಾಕಿದೀನಿ ಸಾರ್.”

“ಅವತ್ತೂ ಹಾಗೇ ಅಂದಿದ್ದೆ.”

ಅಕ್ಕ ಗಂಡನ ಭುಜ ತಟ್ಟಿದಳು. “ಬಿಡಿ ಪಾಪ, ವಯಸ್ಸಾಗಿದೆ ಅವನಿಗೆ. ನಾವು ಯಾವತ್ತೋ ಕ್ಷಮಿಸಿ ಆಯ್ತು.”

ಮೇಸ್ತ್ರಿ ತಲೆಯಾಡಿಸಿದ. ಕ್ಷಮಿಸಿದ್ದಕ್ಕೆ. ಬೈಗುಳವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ.

“ಆಯಿಲ್ ಅವತ್ತೂ ಇತ್ತು ಭಾವ. ಜೊತೆಗೆ ಮರದ ಹೊಟ್ಟೂ ಇತ್ತು. ಹಾಕಿದ್ದು ನಾನು.”

ಕೆಟ್ಟ ಗಾಡಿಯ ಗುಣಗಾನವನ್ನು ಒಂದು ಗಂಟೆ ಮಾಡಬಲ್ಲವನಿಗೆ ಬಂದದ್ದು ಮೂರು ವಾಕ್ಯ.

ಭಾವ ಎಂಜಿನ್ ಆಫ್ ಮಾಡಿದ. ಮೇಸ್ತ್ರಿಯ ಕಡೆ ತಿರುಗಿದ. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಯಾಕಯ್ಯಾ...”

ಮೇಸ್ತ್ರಿ ಅಕ್ಕನನ್ನು ನೋಡಿದ, ನೆಲ ನೋಡಿದ. ಅಕ್ಕನಿಗೆ ಅರ್ಥವಾಯಿತು. ಮೊದಲು ಇಳಿದವಳು ಅವಳು.

ಭಾವ ಕೆಳಗಿಳಿದ. ಬೈಯುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದುಕೊಂಡೆ. “ಎಷ್ಟು ಉಳೀತು ನಿಂಗೆ?” ಎಂದು ಕೇಳಿದ.

“ನಾಲ್ಕು ಸಾವಿರ.” ಮರೆತಿರಲಿಲ್ಲ.

ನಡೆದುಕೊಂಡೇ ಹೋದರು ಇಬ್ಬರೂ. ಅವನು ಕುಂಟುತ್ತಾ, ಅವಳು ಎರಡು ಹೆಜ್ಜೆ ಮುಂದೆ. ಮೇಸ್ತ್ರಿ ಸಾಮಾನು ಚೀಲಕ್ಕೆ ತುಂಬಿದ. “ನಾಳೆ ಬರಬೇಕಾ?” ಅಂದ. ಕೆಲಸ ಮುಗಿದಿತ್ತು. ಬೇಡ ಅಂದೆ.

ಮೇ 15

ಫೋನಿಲ್ಲ. ಗೇಟಿನ ತನಕ ಹೋಗುವುದು, ಬರುವುದು.

ಮೇ 20

ಭಾವ ಬಂದ, ಜೊತೆಗೆ ಮೇಸ್ತ್ರಿ. ನನ್ನ ಜೊತೆ ಮಾತಿಲ್ಲ. ಕೀ ಕೇಳಿದ್ದು ಕೂಡ ಮೇಸ್ತ್ರಿ. ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀಪು ಓಡಿಸಿಕೊಂಡು ಹೋದ. ಹಳೆ ವರ್ಕ್‌ಶಾಪ್ ಇದ್ದ ಬೀದಿಯಲ್ಲಿ ಅಂಗಡಿ ಅಂಗಡಿಯ ಮುಂದೆ ನಿಲ್ಲಿಸಿ ಹೇಳಿದನಂತೆ — ತಪ್ಪು ಇವನದಲ್ಲ, ನನ್ನ ಹೆಂಡತಿಯ ತಮ್ಮಂದು. ಟೈರ್ ಅಂಗಡಿಯವನು ಫೋನ್ ಮಾಡಿ ನನಗೆ ವರದಿ ಒಪ್ಪಿಸಿದ, ಬಲು ಸಂತೋಷದಿಂದ.

ಮೇ 24

ಅಕ್ಕನ ಫೋನ್.

“ಅವತ್ತು ರಸ್ತೇಲಿ ನಿಂತು, ಮೇಸ್ತ್ರಿ ಮಕ್ಕಳ ಮುಂದೆ ಅವನಿಗೆ ಬೈದೋಳು ನಾನು ಕಣೋ. ಈಗ ಆ ಮನೆ ಮೆಟ್ಟಿಲು ಹತ್ತಬೇಕಾದೋಳೂ ನಾನೇ.”

“ನಾನೂ ಬರ್ತೀನಿ ಅಕ್ಕ.”

“ಬೇಡ. ನಿನ್ನ ಮುಖ ಸದ್ಯಕ್ಕೆ ನಂಗೆ ನೋಡಕ್ಕಾಗಲ್ಲ. ಸಾಯೋ ತನಕ ಅಂತಲ್ಲ. ಯಾವಾಗ ಅಂತ ನಾನೇ ಹೇಳ್ತೀನಿ.”

ಮೇ 31, ಬೆಳಿಗ್ಗೆ ಒಂಬತ್ತು

ಯಾರಿಗೆ ಏನು ಸಿಕ್ಕಿತು.

ಭಾವನಿಗೆ — ಓಡುವ ಜೀಪು. ಬೈಯಲು ಸರಿಯಾದ ಮನುಷ್ಯ.

ಮೇಸ್ತ್ರಿಗೆ — ನಲವತ್ತೊಂದು ದಿನದ ಕೂಲಿ. ಬೀದಿಯಲ್ಲಿ ಹೆಸರು. ಈ ವಾರ ಎರಡು ಗಾಡಿ ರಿಪೇರಿಗೆ ಬಂದವಂತೆ, ಕಳಿಸಿದ್ದು ಭಾವ. ಕಳೆದ ಮೂವತ್ತೊಂದು ವರ್ಷ ವಾಪಸ್ ಸಿಕ್ಕಿಲ್ಲ.

ಅಕ್ಕನಿಗೆ — ನಿಜ. ಕೇಳಿರಲಿಲ್ಲ ಅವಳು.

ನನ್ನವಳಿಗೆ — ಕಾರು ನಿಲ್ಲಿಸಲು ಗ್ಯಾರೇಜು.

ನನಗೆ — ಒಂಬತ್ತಕ್ಕೆ ಸರಿಯಾಗಿ ಗ್ಯಾರೇಜಿನ ಬಾಗಿಲು ತೆಗೆದು ನಿಲ್ಲುವ ಚಟ. ಈಗಲೂ ತೆಗೆದೇ ಕೂತಿದ್ದೇನೆ. ಇನ್ನೊಂದು ಹಳೆ ಗಾಡಿ ತಂದರೆ ಬರುತ್ತೀರಾ ಎಂದು ಮೇಸ್ತ್ರಿಯನ್ನು ಕೇಳಬೇಕು. ಕೂಲಿ ಅವನು ಹೇಳಿದ್ದು. ಫೋನ್ ಕೈಯಲ್ಲೇ ಇದೆ. ಕೇಳಲು ಯಾವ ಮುಖ ಇದೆ ನನಗೆ?