ಸಿಕ್ಕಿಕೊಂಡ ಗುಂಡಿ

ಪೌಷ ೧೨, ಪೋಖರಾ.

ಜೋಮ್‌ಸೋಮ್‌ನಿಂದ ನಮ್ಮ ವಿಮಾನ ಹೊರಟ ಮೇಲೆ ರೇಡಿಯೊದಲ್ಲಿ ಯಾರ ದನಿಯೂ ಇಲ್ಲ. ಕ್ಯಾಪ್ಟನ್ ಶೇರ್ಚನ್ ಅವರಿಗೆ, ರೇಡಿಯೊದಲ್ಲಿ ಮಾತಾಡಲು ಒತ್ತುವ ನಿಮ್ಮ ಗುಂಡಿ ಒತ್ತಿದಲ್ಲೇ ಸಿಕ್ಕಿಕೊಂಡು, ಕಣಿವೆಯ ಬೇರೆ ವಿಮಾನಗಳ ಬಾಯಿ ಕಟ್ಟಿಹಾಕಿದೆ ಎಂದೆ.

"ಕೈಪಿಡಿ ಓದ್ಕೊಂಡು ನನಗೇ ಪಾಠ ಹೇಳ್ತೀಯೇನೇ ತಂಗಿ?"

ಗುಂಡಿ ಇನ್ನೂ ಸಿಕ್ಕಿಕೊಂಡೇ ಇದ್ದದ್ದರಿಂದ ಆ ಬೈಗುಳ ಇಡೀ ಕಣಿವೆಗೆ ಕೇಳಿಸಿತು. ನಾನೇ ಕೈಚಾಚಿ ರೇಡಿಯೊ ಆರಿಸಿದೆ.

ಇಳಿದ ಮೇಲೆ ನಡೆದದ್ದನ್ನು ವರದಿಯಲ್ಲಿ ಬರೆದು ಅವರ ಮುಂದಿಟ್ಟೆ. ನನ್ನಂಥ ಸಹಪೈಲಟ್ ಹಾಗೆ ಬರೆದರೆ ಮುಂದೆ ಯಾವ ಕ್ಯಾಪ್ಟನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ. ಆದರೂ ಮುಚ್ಚಿಡಲಾರೆ.

"ನಾನು ಬೈದಿದ್ದು ಬಿಟ್ಬಿಟ್ಟಿದೀಯಲ್ಲ, ಅದನ್ನೂ ಸೇರ್ಸು," ಎಂದು ನನಗಿಂತ ಮೊದಲು ಸಹಿ ಹಾಕಿದರು.

ಹಿರಿಯರು ಎಂದೂ ಬದಲಾಗುವುದಿಲ್ಲ ಎಂದು ಮೊನ್ನೆ ಇದೇ ದಿನಚರಿಯಲ್ಲಿ ಬರೆದಿದ್ದೆ. ಈಗ ಆ ಪುಟ ಹುಡುಕಿ ಸಾಲು ಹೊಡೆದುಹಾಕಿದೆ.