ಕ್ರೇನಿನಿಂದ ಇಳಿದವಳು

ಪುಟ್ಟಿಯ ಅಮ್ಮನಿಗೆ,

ನನ್ನ ಕೆಮ್ಮು ಹೋಯಿತು. ನಿನ್ನೆ ಕಂಡದ್ದನ್ನು ನಿನಗೆ ಹೇಳದಿದ್ದರೆ ತಿಂದದ್ದು ಕರಗದು. ನಾವು ಕಟ್ಟುತ್ತಿರುವ ಕಟ್ಟಡದ ನಲವತ್ತನೇ ಅಂತಸ್ತಿನ ಮೇಲಿನ ಕ್ರೇನಿನಿಂದ ಸಂಜೆ ಬುತ್ತಿ ಡಬ್ಬಿ ಹಿಡಿದು ಇಳಿದದ್ದು ಒಬ್ಬ ಹೆಂಗಸು! ತಿಂಗಳಿಂದ ನಮ್ಮ ನೆತ್ತಿಯ ಮೇಲೆ ಟನ್ನುಗಟ್ಟಲೆ ಕಬ್ಬಿಣವನ್ನು ಹೂವಿನಂತೆ ಇಳಿಸುತ್ತಿದ್ದವಳು ಆಕೆಯೇ. ಬಾಯಿ ಬಿಟ್ಟುಕೊಂಡು ನಿಂತೆ.

“ಇದೆಲ್ಲ ಹೇಗಮ್ಮ?” ಅಂದೆ.

“ನಮ್ಮ ಯಜಮಾನ್ರು ದುಡಿಯೋಕೆ ಪರದೇಶಕ್ಕೆ ಹೋದ್ರಣ್ಣ. ಅವರ ಕ್ರೇನು ಖಾಲಿ ಆಯ್ತು. ಕಲಿತೆ, ಹತ್ತಿದೆ.”

ನಾನು ಬರುವವರೆಗೆ ನಮ್ಮ ಹಿಟ್ಟಿನ ಗಿರಣಿ ಮುಚ್ಚಿರಲಿ, ಹೆಂಗಸರ ಕೈಗೆ ಅದು ಬಗ್ಗುವುದಿಲ್ಲ ಅಂದಿದ್ದೆನಲ್ಲ? ತೆರೆ. ಬೆಲ್ಟಿನ ಹತ್ತಿರ ಬಟ್ಟೆ ಹುಷಾರು. ಬೀಗದ ಕೈಯನ್ನು ನಾನು ಜೊತೆಗೆ ತಂದಿಲ್ಲ, ಸುಳ್ಳು ಹೇಳಿದ್ದೆ. ನೀನು ದಿನಾ ತಲೆ ಬಾಚುವ ಕನ್ನಡಿಯ ಹಿಂದೆಯೇ ಇದೆ.

ಕೆಲಸದ ಸೀಟಿ ಊದಿದರು, ಓಡುತ್ತೇನೆ.

ಪುಟ್ಟಿಯ ಅಪ್ಪ